ಖಾಲಿ ಪೆಟ್ಟಿಗೆಯ ಕಾವಲು

ತಪ್ಪು ಗುಮಾಸ್ತರದ್ದೇ. ಆವತ್ತು ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಆಫೀಸಿಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಅದು ಬಿಟ್ಟು ಹಿತ್ತಲಲ್ಲಿ ನಿಂತು, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಹೆಂಡತಿಗೆ ಕೂಗಿ ಹೇಳಿದರು.

"ಇವತ್ತು ಸಂಜೆ ಐದಕ್ಕೆ ಮುಗೀತು ಕಣೇ! ಐದರ ತನಕ ಗ್ಯಾಸ್ ಪೈಪಿಗೆ ಯಾರೂ ಆಕ್ಷೇಪಣೆ ಕೊಡ್ದೆ ಇದ್ರೆ ಆರೂವರೆ ರೈಲು ನಮ್ದೇ!"

ಗುಮಾಸ್ತರು ಪರಿಸರ ಪರಿಶೀಲನಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸಾರ್ವಜನಿಕರ ಕಾಗದ ಪಡೆದು ಮೊಹರು ಒತ್ತುವವರು. ಊರಿನ ಹಳೆಯ ಗ್ಯಾಸ್ ಪೈಪಿನ ಪಕ್ಕದಲ್ಲೇ ಅದರ ಎರಡರಷ್ಟು ದಪ್ಪದ ಇನ್ನೊಂದು ಪೈಪು ಹೂಳುವ ಯೋಜನೆ ಬಂದಿತ್ತು. ಅದರಿಂದ ಗಿಡಮರ, ನೀರು, ಪ್ರಾಣಿಪಕ್ಷಿಗಳಿಗೆ ಏನಾಗುತ್ತದೆಂದು ಆರುನೂರು ಪುಟದ ವರದಿಯೂ ತಯಾರಾಗಿತ್ತು. ಜನ ಅದನ್ನು ಓದಿ ಅಭಿಪ್ರಾಯ ಬರೆಯಲು ಅರವತ್ತು ದಿನ. ಐವತ್ತೊಂಬತ್ತು ದಿನ ಕಳೆದರೂ ಕಚೇರಿಯ ಮರದ ಪೆಟ್ಟಿಗೆಗೆ ಒಂದು ಚೀಟಿಯೂ ಬಿದ್ದಿರಲಿಲ್ಲ. ಗುಮಾಸ್ತರು ಆ ಖಾಲಿ ಪೆಟ್ಟಿಗೆಯನ್ನು ದಿನಕ್ಕೆ ಹತ್ತು ಸಲ ಅಲ್ಲಾಡಿಸಿ ನೋಡಿ ಸಂತೋಷಪಡುತ್ತಿದ್ದರು.

ಸಂತೋಷಕ್ಕೆ ಕಾರಣವಿತ್ತು. ಮಗಳು ಹೆತ್ತು ಐದು ತಿಂಗಳಾಗಿತ್ತು. ಮೊಮ್ಮಗಳನ್ನು ನೋಡಲು ಹಾಕಿದ ರಜೆ ಮೂರು ಸಲ ರದ್ದಾಗಿತ್ತು, ಮೂರು ಸಲವೂ ಇದೇ ಪೈಪಿನಿಂದ. ಮಗು ಬೋರಲು ಬಿದ್ದದ್ದನ್ನು ಅವರು ನೋಡಿದ್ದು ಫೋನಿನಲ್ಲಿ. ಅದು ಅಂಬೆಗಾಲಿಡುವುದನ್ನೂ ಫೋನಿನಲ್ಲೇ ನೋಡಬೇಕಾದೀತು ಎಂದು ನೆನೆದರೆ ಹೊಟ್ಟೆ ಉರಿಯುತ್ತಿತ್ತು.

"ಅಷ್ಟೊಂದು ಜನರಲ್ಲಿ ಒಬ್ರೂ ಯಾಕೆ ಬರೆದಿಲ್ಲ?" ಎಂದಳು ಹೆಂಡತಿ, ನೀಲಿ ಸೂಟ್‌ಕೇಸಿನ ಮೇಲೆ ಮಂಡಿಯೂರಿ ಅದನ್ನು ಮುಚ್ಚುತ್ತಾ.

"ಬರೆಯೋದು ಬೇಡ ಮಾರಾಯ್ತಿ! ಒಬ್ಬ ವಿರೋಧ ಅಂತ ಬರೆದ್ರೂ ನಾನು ಕೂತು ಉತ್ತರ ತಯಾರಿಸ್ಬೇಕು, ಅದು ಮೂರು ಟೇಬಲ್ ಸುತ್ತಿ ಬರ್ಬೇಕು. ರಜೆ ಗೋವಿಂದ."

"ಪರವಾಗಿ ಬರೆದ್ರೆ?"

"ಅದಕ್ಕೆ ಉತ್ತರ ಬೇಡ, ಸುಮ್ನೆ ಫೈಲಿಗೆ ಹೋಗತ್ತೆ. ಆದ್ರೆ ಪೈಪು ಚೆನ್ನಾಗಿದೆ ಅಂತ ಕಾಗದ ಬರೆಯೋಷ್ಟು ಪುರುಸೊತ್ತು ಯಾರಿಗಿದೆ?"

ಹೆಂಡತಿ ಏನೋ ಯೋಚಿಸುತ್ತಾ ಸೂಟ್‌ಕೇಸಿನ ಹಿಡಿಗೆ ಕೆಂಪು ರಿಬ್ಬನ್ ಕಟ್ಟಿದಳು. "ನಾನು ಇದನ್ನ ತಗೊಂಡು ಆಫೀಸಿಗೇ ಬಂದ್ಬಿಡ್ತೀನಿ. ಅಲ್ಲಿಂದಲೇ ಸ್ಟೇಷನ್ನಿಗೆ. ಈ ಸಲವೂ ರದ್ದು ಅಂದ್ರೆ ನಾನೊಬ್ಳೇ ಹೊರಟುಬಿಡ್ತೀನಿ, ಈಗಲೇ ಹೇಳಿದೀನಿ."

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಒಂದು ತಲೆ ಮೇಲೆದ್ದಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು.

"ಏನ್ರೀ, ಗ್ಯಾಸ್ ಪೈಪಿಗೆ ಆಕ್ಷೇಪಣೆ ಕೊಡೋಕೆ ಇವತ್ತೇ ಕೊನೇ ದಿನಾನಾ? ನಮಗೆ ಗೊತ್ತೇ ಇಲ್ವಲ್ರೀ!"

ಗುಮಾಸ್ತರು ನೊರೆಯನ್ನು ನುಂಗಿಬಿಟ್ಟರು.

ಹತ್ತೂವರೆಗೆ ಮೇಷ್ಟ್ರು ಕಚೇರಿಯಲ್ಲಿ ಹಾಜರು. ಒಂದು ಕೈಯಲ್ಲಿ ಹದಿನಾಲ್ಕು ಪುಟದ ಆಕ್ಷೇಪಣೆ, ಇನ್ನೊಂದರಲ್ಲಿ ಗಾಜಿನ ಭರಣಿ. ಭರಣಿಯಲ್ಲಿ ನಾಲ್ಕು ಕಪ್ಪೆಗಳು.

"ಸಾಕ್ಷಿ," ಎಂದು ಅದನ್ನು ಗುಮಾಸ್ತರ ಮೇಜಿನ ಮೇಲಿಟ್ಟರು. ಆ ಮೇಜಿನ ಒಂದು ಕಾಲು ಗಿಡ್ಡ. ಮೂರು ತಿಂಗಳ ಹಿಂದೆ ಮುಖ್ಯ ಕಚೇರಿಯಿಂದ ಹೊಸ ನಿಯಮಗಳ ದಪ್ಪ ಪುಸ್ತಕ ಬಂದಾಗ ಗುಮಾಸ್ತರು ಅದರ ದಪ್ಪವನ್ನು ಬೆರಳಲ್ಲಿ ಅಳೆದು, ಸಂತೋಷದಿಂದ ಆ ಕಾಲಿನ ಕೆಳಗೆ ಕೊಟ್ಟಿದ್ದರು. ಅಂದಿನಿಂದ ಮೇಜು ಅಲ್ಲಾಡಿರಲಿಲ್ಲ.

"ಪೈಪು ನಮ್ಮ ಕೆರೆ ಅಂಚಲ್ಲೇ ಹೋಗತ್ತೆ. ಅಲ್ಲಿ ಇಂಥವು ಎಷ್ಟಿವೆ ಅಂತ ನಿಮ್ಮ ಆರುನೂರು ಪುಟದಲ್ಲಿ ಎಲ್ಲಾದ್ರೂ ಬರೆದಿದೆಯಾ? ಹಾಕಿ ಮೊಹರು!"

ಮೊಹರು ಬೀಳದೆ ಯಾವ ಕಾಗದವೂ ಪೆಟ್ಟಿಗೆಗೆ ಹೋಗುವಂತಿರಲಿಲ್ಲ. ಗುಮಾಸ್ತರು ಮೊಹರನ್ನು ಜೇಬಿಗೆ ಇಳಿಬಿಟ್ಟರು.

"ಮೇಷ್ಟ್ರೇ, ಕಾಗದದಲ್ಲೇನಿದೆ? ನಡೀರಿ, ಕೆರೆಯನ್ನೇ ನೋಡೋಣ."

ಹೊರಡುವ ಮುಂಚೆ ಜವಾನನನ್ನು ಮೂಲೆಗೆ ಕರೆದರು. ಅವನು ಬಂದು ಎರಡು ವಾರವಾಗಿತ್ತಷ್ಟೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಅವನ ದೊಡ್ಡ ಗುಣ. "ನಾನಿಲ್ಲದಾಗ ಯಾರೇ ಕಾಗದ ಹಿಡ್ಕೊಂಡು ಬಂದ್ರೂ ಸಾಹೇಬ್ರಿಲ್ಲ, ನಾಳೆ ಇರ್ತಾರೆ, ನಾಳೆ ಬನ್ನಿ ಅನ್ನು. ಯಾರೇ ಆಗ್ಲಿ!"

"ಆಯ್ತು ಸಾರ್. ಯಾರೇ ಆಗ್ಲಿ."

ಕೆರೆಯಲ್ಲಿ ನಡೆದದ್ದನ್ನು ವಿಸ್ತರಿಸುವುದು ಬೇಡ. ಕಪ್ಪೆಗಳನ್ನು ಹತ್ತಿರದಿಂದ ನೋಡಬೇಕೆಂದು ಮೇಷ್ಟ್ರು ಹಟ ಹಿಡಿದರು. ನೋಡಲು ಬಗ್ಗಿದ ಗುಮಾಸ್ತರು ಸೊಂಟದವರೆಗೆ ಕೆಸರಿಗೆ ಇಳಿದರು. ಅಲ್ಲಿಂದ ಮೇಲೆ ಎಳೆಯುವ ಮುಂಚೆ ಮೇಷ್ಟ್ರು ಅವರಿಂದ ಒಂದು ಮಾತು ತೆಗೆದುಕೊಂಡರು. ರಜೆಯಿಂದ ಬಂದ ಮಾರನೆಯ ದಿನದಿಂದ, ದಿನಾ ಬೆಳಿಗ್ಗೆ ಆರಕ್ಕೆ ಗುಮಾಸ್ತರು ಕೆರೆಗೆ ಬಂದು ಕಪ್ಪೆಗಳನ್ನು ಎಣಿಸಬೇಕು. ಒಂದು ವರ್ಷ.

"ಎಣಿಸ್ತೀನಿ ಮೇಷ್ಟ್ರೇ. ಹೆಸರಿಟ್ಟು ಕರೀತೀನಿ ಬೇಕಾದ್ರೆ. ಮೊದ್ಲು ಕೈ ಕೊಡಿ!"

ಹದಿನಾಲ್ಕು ಪುಟಗಳು ಮೇಷ್ಟ್ರ ಚೀಲಕ್ಕೆ ವಾಪಸಾದವು. ಆದರೆ ಮೇಷ್ಟ್ರು ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಇವತ್ತು ಕೊನೇ ದಿನ ಎಂದು ಸಾರುತ್ತಲೇ ಬಂದರು. ಬೀದಿಯ ಲಾಂಡ್ರಿಯವನು ಇಸ್ತ್ರಿ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಗುಮಾಸ್ತರ ಬೆನ್ನು ಹತ್ತಿದ.

"ಸಾರ್, ನನ್ನ ಅಂಗಡಿ ಮುಂದೇನೇ ಎಂಟು ತಿಂಗಳು ಅಗೀತಾರಂತೆ. ಧೂಳೆದ್ರೆ ಒಗೆದ ಬಟ್ಟೆ ಎಲ್ಲಿ ಒಣಗಿಸ್ಲಿ? ನಾನೂ ಬರೆದುಕೊಡ್ತೀನಿ."

"ನಮ್ಮ ಮನೆ ತಾರಸಿ ಮೇಲೆ ಒಣಗಿಸು, ಹೋಗು!" ಎಂದು ಗುಮಾಸ್ತರು ಸಿಟ್ಟಿನಲ್ಲಿ ಅಂದುಬಿಟ್ಟರು.

ಲಾಂಡ್ರಿಯವನ ಮುಖ ಅರಳಿತು. "ಎಂಟು ತಿಂಗಳೂನಾ ಸಾರ್? ದೇವರಂಥವರು ನೀವು. ಹಗ್ಗ ಇವತ್ತೇ ಕಟ್ಟಲಾ?" ಕೆಸರಾದ ಪ್ಯಾಂಟನ್ನು ಅವನೇ ಬಿಚ್ಚಿಸಿಕೊಂಡು, ಯಾರದೋ ಪ್ಯಾಂಟು ಕೊಟ್ಟು ಕಳಿಸಿದ. ಅದು ಗುಮಾಸ್ತರ ಕಣಕಾಲಿಗಿಂತ ಒಂದು ಗೇಣು ಮೇಲೇ ನಿಂತಿತು.

ಆ ವೇಷದಲ್ಲಿ ಕಚೇರಿಯ ತಿರುವಿಗೆ ಬಂದಾಗ ಗಂಟೆ ಎರಡು. ಅಲ್ಲಿ ಸಂಗೀತದ ಟೀಚರಮ್ಮ ಅಡ್ಡ ನಿಂತಿದ್ದರು, ಕೈಯಲ್ಲಿ ಲಕೋಟೆ.

"ಗ್ಯಾಸನ್ನು ಒತ್ತಿ ಕಳಿಸೋ ಯಂತ್ರ ನಮ್ಮ ಮನೆ ಹಿಂದೇನೇ ಬರತ್ತಂತೆ. ಇಪ್ಪತ್ನಾಲ್ಕು ಗಂಟೆ ಗುಂಯ್ ಅಂದ್ರೆ ನನ್ನ ಮಕ್ಕಳ ಶ್ರುತಿ ಏನಾಗ್ಬೇಕು?"

"ಅದೇನೂ ಕೇಳಿಸಲ್ಲ ಟೀಚರಮ್ಮ, ಮೆಲ್ಲಗಿರತ್ತೆ."

"ಶ್ರುತಿ ಅಂದ್ರೇನು ಅಂತ ಗೊತ್ತಾ ನಿಮಗೆ?"

ಗೊತ್ತಿಲ್ಲವೆಂಬುದು ಐದೇ ನಿಮಿಷದಲ್ಲಿ ಸಾಬೀತಾಯಿತು. ಟೀಚರಮ್ಮ ಅವರನ್ನು ಮನೆಗೆ ಕರೆದೊಯ್ದು ಚಾಪೆಯ ಮೇಲೆ ಕೂರಿಸಿ ಒಂದು ಗಂಟೆ ಹಾಡಿಸಿದರು. ಕಿಟಕಿಯಲ್ಲಿ ಮಕ್ಕಳು ಸಾಲಾಗಿ ನಿಂತು ನಕ್ಕರು. ಕೊನೆಗೆ, ರಜೆಯಿಂದ ಬಂದಮೇಲೆ ದಿನಾ ಬೆಳಿಗ್ಗೆ ಏಳಕ್ಕೆ ಪಾಠಕ್ಕೆ ಬರುವುದಾಗಿ ಒಪ್ಪಿದ ಮೇಲಷ್ಟೇ ಲಕೋಟೆ ಹರಿಯಿತು. "ಕಿವಿ ತಯಾರಾದ್ರೆ ಯಂತ್ರದ ಗದ್ದಲ ನಿಮಗೇ ಕೇಳತ್ತೆ. ಆಗ ನೀವೇ ನಿಲ್ಲಿಸ್ತೀರಿ" ಎಂದರು ಟೀಚರಮ್ಮ.

ಆರಕ್ಕೆ ಕಪ್ಪೆ, ಏಳಕ್ಕೆ ಪಾಠ, ತಾರಸಿ ತುಂಬ ಊರವರ ಒದ್ದೆ ಬಟ್ಟೆ. ಗುಮಾಸ್ತರಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕಚೇರಿಗೆ ಬಂದು ಪೆಟ್ಟಿಗೆಯನ್ನು ಅಲ್ಲಾಡಿಸಿದಾಗ ಒಳಗೆ ಸದ್ದಿಲ್ಲದ್ದು ಕೇಳಿ ಎಲ್ಲ ಮರೆತರು. ಹತ್ತು ದಿನ ಮೊಮ್ಮಗಳನ್ನು ಎತ್ತಿಕೊಂಡು ಓಡಾಡುವ ಸುಖಕ್ಕೆ ಕಪ್ಪೆ ಯಾವ ಲೆಕ್ಕ?

ಐದಕ್ಕೆ ಹತ್ತು ನಿಮಿಷವಿರುವಾಗ ಮುಖ್ಯ ಕಚೇರಿಯಿಂದ ಮೇಡಂ ಬಂದರು. ಗಡಿಯಾರ ಐದು ಹೊಡೆಯಿತು. ಮೇಡಂ ಪೆಟ್ಟಿಗೆಯ ಬೀಗ ತೆಗೆದು ಒಳಗೆ ಕೈಯಾಡಿಸಿದರು.

"ಏನ್ರೀ ಇದು? ಒಂದೂ ಇಲ್ಲ?"

"ಒಂದೂ ಇಲ್ಲ ಮೇಡಂ!" ಗುಮಾಸ್ತರು ಗಿಡ್ಡ ಪ್ಯಾಂಟಿನಲ್ಲಿ ಎದೆಯುಬ್ಬಿಸಿ ನಿಂತರು.

"ಪರವಾಗಿಯೂ ಇಲ್ವಾ?"

"ಇಲ್ಲ ಮೇಡಂ. ಜನಕ್ಕೆ ಪೂರ್ತಿ ಸಮಾಧಾನ."

ಮೇಡಂ ಹುಬ್ಬು ಗಂಟಿಕ್ಕಿ ಕುರ್ಚಿಯಲ್ಲಿ ಕುಳಿತರು. "ಹೊಸ ನಿಯಮದ ಪುಸ್ತಕ ಎಲ್ಲಿ?"

ಗುಮಾಸ್ತರು ಬಾಯಿ ತೆರೆಯುವ ಮುಂಚೆಯೇ ಜವಾನ ಬಗ್ಗಿ ಪುಸ್ತಕವನ್ನು ಎಳೆದ. ಮೇಜು ವಾಲಿತು. ಭರಣಿ ಜಾರಿತು. ನಾಲ್ಕು ಕಪ್ಪೆಗಳು ಬಿಡುಗಡೆಯಾಗಿ ನಾಲ್ಕು ದಿಕ್ಕಿಗೆ ನೆಗೆದವು. ಒಂದು ಮೇಡಂ ಮಡಿಲಲ್ಲಿ ಕ್ಷಣಕಾಲ ಕೂತು ಮುಂದೆ ಹೋಯಿತು. ಮೇಡಂ ಕಿರುಚಲಿಲ್ಲ. ಪುಸ್ತಕದ ಧೂಳು ಊದಿ, ಪುಟ ತಿರುವಿ, ಒಂದೊಂದೇ ಪದವಾಗಿ ಓದಿದರು.

"ನಿಗದಿತ ಅವಧಿಯಲ್ಲಿ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಒಂದೂ ಅಭಿಪ್ರಾಯ ಬಾರದಿದ್ದಲ್ಲಿ, ಪ್ರಕಟಣೆಯು ಸಾರ್ವಜನಿಕರನ್ನು ತಲುಪಿಲ್ಲವೆಂದು ಭಾವಿಸಿ, ಅರವತ್ತು ದಿನಗಳ ಅವಧಿಯನ್ನು ಹೊಸದಾಗಿ ಆರಂಭಿಸತಕ್ಕದ್ದು."

ಇಪ್ಪತ್ತೆರಡು ವರ್ಷದಲ್ಲಿ ಪೆಟ್ಟಿಗೆ ಖಾಲಿಯಿದ್ದದ್ದು ಇದೇ ಮೊದಲು. ಅಂಥದ್ದಕ್ಕೊಂದು ನಿಯಮ ಇರಬಹುದೆಂದು ಗುಮಾಸ್ತರಿಗೆ ಹೊಳೆದೇ ಇರಲಿಲ್ಲ.

"ಜನಕ್ಕೆ ತಲುಪಿದೆ ಮೇಡಂ! ಇವತ್ತೊಂದೇ ದಿನ ಮೂರು ಜನ ಬಂದಿದ್ರು!"

"ಹೌದಾ? ಅವರ ಕಾಗದ ಎಲ್ಲಿ?"

ಗುಮಾಸ್ತರು ಖಾಲಿ ಪೆಟ್ಟಿಗೆಯನ್ನು ನೋಡಿದರು. ನಾನೇ ವಾಪಸ್ ಕಳಿಸಿದೆ ಎಂದರೆ ರಜೆಯೇನು, ಕೆಲಸವೇ ಹೋಗುತ್ತದೆ. ಮೇಡಂ ಎದ್ದು, ಯಾವಾಗಲೂ ಗೋಡೆಗೆ ಒರಗಿ ತೆರೆದೇ ಇರುತ್ತಿದ್ದ ಕಚೇರಿಯ ಬಾಗಿಲನ್ನು ಈಚೆಗೆ ಎಳೆದರು. ಅದರ ಹಿಂದೆ ಗೋಡೆಯ ಮೇಲೆ ಸಾರ್ವಜನಿಕ ಪ್ರಕಟಣೆ, ಅಂಟಿಸಿದ ದಿನದಷ್ಟೇ ಹೊಸದಾಗಿ, ಯಾರ ಕಣ್ಣೂ ತಾಗದೆ ನಿಂತಿತ್ತು.

"ರಜೆ ರದ್ದು. ನಾಳೆಯಿಂದ ಮೊದಲ ದಿನ" ಎಂದು ಹೇಳಿ ಮೇಡಂ ಹೊರಟುಹೋದರು.

ಗುಮಾಸ್ತರು ವಾಲಿದ ಮೇಜಿನ ಮೇಲೆ ತಲೆಯಿಟ್ಟು ಕುಳಿತರು. ಜವಾನ ಸಮಾಧಾನ ಹೇಳಲು ಹತ್ತಿರ ಬಂದ.

"ನನ್ನ ಕೆಲಸದಲ್ಲಿ ಲೋಪ ಆಗಿಲ್ಲ ಸಾರ್. ಎರಡೂವರೆಗೆ ಒಬ್ರು ಹೆಂಗಸ್ರು ಬಂದಿದ್ರು. 'ಈ ಪೈಪು ತುಂಬಾ ಒಳ್ಳೇದು, ಬೇಗ ಮುಗಿಸಿ' ಅಂತ ಬರೆದು ತಂದಿದ್ರು. ಮೊಹರು ಹಾಕಿಸ್ಬೇಕು ಅಂತ ಎಷ್ಟು ಕೇಳ್ಕೊಂಡ್ರೂ ನಾನು ಬಗ್ಗಲಿಲ್ಲ."

ಗುಮಾಸ್ತರು ತಲೆಯೆತ್ತಿದರು. "ಪರವಾಗಿ ಬರೆದದ್ದನ್ನೂ ಓಡಿಸಿದ್ಯಾ? ಅದೊಂದಿದ್ದಿದ್ರೆ ಸಾಕಾಗಿತ್ತಲ್ಲೋ! ಯಾರೋ ಆಕೆ?"

"ಹೆಸರು ಕೇಳ್ಲಿಲ್ಲ ಸಾರ್. ನೀಲಿ ಸೂಟ್‌ಕೇಸಿತ್ತು. ಹಿಡೀಗೆ ಕೆಂಪು ರಿಬ್ಬನ್."

"ನೀನು ಏನಂದೆ?"

"ನೀವು ಹೇಳಿದ್ದೇ ಸಾರ್. ಸಾಹೇಬ್ರು ನಾಳೆ ಇರ್ತಾರೆ, ನಾಳೆ ಬನ್ನಿ ಅಂದೆ. 'ಓಹೋ, ನಾಳೆ ಇಲ್ಲೇ ಇರ್ತಾರೋ' ಅಂತ ಮುಖ ಕೆಂಪಗೆ ಮಾಡ್ಕೊಂಡು, ನಾಲ್ಕರ ರೈಲಿಗೆ ಅಂತ ಆಟೋ ಹತ್ತಿದ್ರು."

ಮನೆಗೆ ಬಂದಾಗ ಬಾಗಿಲಿಗೆ ಬೀಗ. ತಾರಸಿಯ ಮೇಲೆ ಆಗಲೇ ನಲವತ್ತು ಅಂಗಿಗಳು ತೋಳು ಚಾಚಿ ಒಣಗುತ್ತಿದ್ದವು. ಗೇಟಿನಲ್ಲಿ ಮೇಷ್ಟ್ರು ಹೊಸ ನೋಟ್‌ಬುಕ್ ಹಿಡಿದು ಕಾದಿದ್ದರು.

"ರಜೆಗೆ ಹೋಗಲ್ವಂತಲ್ಲ, ಒಳ್ಳೇದಾಯ್ತು! ಹಾಗಾದ್ರೆ ಕಪ್ಪೆ ಎಣಿಕೆ ನಾಳೆಯಿಂದಲೇ."

"ಮೇಷ್ಟ್ರೇ, ಕೈ ಮುಗೀತೀನಿ," ಎಂದರು ಗುಮಾಸ್ತರು, ಅಳುವುದೊಂದು ಬಾಕಿ. "ಇನ್ನೂ ಅರವತ್ತು ದಿನ ಕೊಟ್ಟಿದ್ದಾರೆ. ಆ ಹದಿನಾಲ್ಕು ಪುಟ ತಂದು ನಾಳೇನೇ ಕೊಟ್ಬಿಡಿ. ಮೊಹರು ನಾನೇ ಒತ್ತುತೀನಿ."

"ಛೆ ಛೆ, ಎಂಥಾ ಮಾತು!" ಮೇಷ್ಟ್ರು ಅವರ ಹೆಗಲು ತಟ್ಟಿದರು. "ನಮಗೋಸ್ಕರ ಇಷ್ಟೆಲ್ಲ ಮಾಡ್ತಿರೋ ಮನುಷ್ಯನ ತಲೆ ಮೇಲೆ ಆಕ್ಷೇಪಣೆ ಹೊರಿಸೋಕಾಗತ್ತಾ? ಅದನ್ನ ಆಗಲೇ ಒಲೆಗೆ ಹಾಕಿದೆ. ನೀವೇನೂ ಯೋಚನೆ ಮಾಡ್ಬೇಡಿ. ಊರಲ್ಲಿ ಮನೆ ಮನೆಗೂ ಹೋಗಿ ಹೇಳಿ ಬಂದಿದೀನಿ, ನಿಮ್ಮ ಪೆಟ್ಟಿಗೇಲಿ ಪರವಾಗ್ಲಿ ವಿರೋಧವಾಗ್ಲಿ ಇನ್ನು ಒಂದು ಚೀಟಿ ಕೂಡ ಬೀಳಲ್ಲ."