ಬಚ್ಚಲಿಗೊಂದು ಬೋರ್ಡಿನ ಗೋಡೆ

ಗಂಗಾಂಬಿಕಾಳನ್ನು ಹೆದರಿಸಲಾರದ ವಸ್ತು ಹೊಸಪೇಟೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಆರು ತಿಂಗಳ ಮಗ ರೇವಣಸಿದ್ದ ಸೀನಿದರೆ ನ್ಯುಮೋನಿಯಾ, ಸೀನದಿದ್ದರೆ ಮೂಗು ಕಟ್ಟಿದೆ. ಎಲ್ಲಕ್ಕಿಂತ ದೊಡ್ಡ ಭಯ ಅವನ ಸ್ನಾನ. ಎಣ್ಣೆ ಹಚ್ಚಿದ ಕೂಸು ಕೈಯಿಂದ ಜಾರಿಬಿಟ್ಟರೆ? ಹಾಗಾಗಿ ಹೆತ್ತಂದಿನಿಂದ ಅವನಿಗೆ ಅವಳು ಒಂದು ತಂಬಿಗೆ ನೀರನ್ನೂ ಹುಯ್ದವಳಲ್ಲ. ಅದು ಅತ್ತೆ ಮುದುಕಮ್ಮನವರ ಖಾತೆ (ಗೃಹ, ಜಲಸಂಪನ್ಮೂಲ ಎರಡೂ ಅವರವೇ). ಅವರು ಮಣೆಯ ಮೇಲೆ ಕೂತು, ಕಾಲು ನೀಳವಾಗಿ ಚಾಚಿ, ಕೂಸನ್ನು ಅದರ ಮೇಲೆ ಮಲಗಿಸಿ ನೀರು ಹುಯ್ಯುವಾಗ ಸೊಸೆ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು.

ಒಂದು ದಿನ ಕಣ್ಣು ತೆರೆದದ್ದೇ ತಪ್ಪಾಯಿತು. ಕೂಸಿನಿಂದ ಮಾರು ದೂರದಲ್ಲಿ ಕಮೋಡು! ಅದರ ಸಮಸ್ತ ಕ್ರಿಮಿಕುಲ!

"ನಡುವೆ ಒಂದು ಗೋಡೆ ಬೇಕು ರೀ."

ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಬಂದಿದ್ದ ಗಂಡ ಮಲ್ಲೇಶ ಶೂ ಬಿಚ್ಚುತ್ತಿದ್ದ. "ಇಟ್ಟಂಗಿ ಗ್ವಾಡಿ ಕಟ್ಟಿದ್ರ ನಾವು ನಿಂದ್ರೋದೆಲ್ಲಿ?"

"ಹಲಗೆ ಥರದ ಬೋರ್ಡಿಂದು. ತೆಳ್ಳಗಿರುತ್ತೆ. ಫೋನಲ್ಲಿ ನೋಡಿದೀನಿ."

"ಫೋನಿನಾಗ ನೋಡಿ ಡಾಕ್ಟರನ್ನ ಬದಲಿ ಮಾಡಿದಿ, ಸೋಪು ಬದಲಿ ಮಾಡಿದಿ. ನನ್ನೊಬ್ಬನ್ನ ಬಿಟ್ಟೀದಿ!"

ಅತ್ತೆ ತವರೂರು ಕಂಪ್ಲಿಗೆ ಹೋದದ್ದೇ ಮುಹೂರ್ತ. (ಕೂಸಿಗೆ ಅಷ್ಟು ದಿನ ಬಿಸಿನೀರಲ್ಲಿ ಅದ್ದಿದ ಬಟ್ಟೆಯ ಸೇವೆ.) ಬೋರ್ಡಿನ ಕೆಲಸದ ಹುಲುಗೇಶ್ ಬಂದ.

"ನೀರು ಕುಡಿದು ಉಬ್ಬಿದರೆ? ಕೂಸಿನ ಮೇಲೆ ಬಿದ್ದರೆ?"

"ನೀರು ಬೀಳೋ ಕಡೆ ಸಿಮೆಂಟ್ ಬೋರ್ಡ್ ಐತ್ರಿ ಅಕ್ಕಾರ. ಮ್ಯಾಲೆ ವಾಟರ್‌ಪ್ರೂಫ್ ಹಚ್ಚಿ ಟೈಲ್ಸ್ ಕೂಡಸ್ತೀನಿ. ಆನಿ ಒರಗಿದ್ರೂ ಏನಾಗಲ್ಲ."

ಅವಳು ನಂಬಲಿಲ್ಲ. ಬೋರ್ಡಿನ ಚೂರೊಂದನ್ನು ಬಕೆಟ್ಟಿನಲ್ಲಿ ಮುಳುಗಿಸಿ, ದೋಸೆಗೆ ನೆನೆಹಾಕಿದ ಉದ್ದಿನಂತೆ ಗಳಿಗೆಗೊಮ್ಮೆ ಹಿಸುಕಿ ನೋಡಿದಳು. ಉಬ್ಬಲಿಲ್ಲ. ಉಬ್ಬದೇ ಇದ್ದದ್ದಕ್ಕೂ ಸ್ವಲ್ಪ ಗಾಬರಿಯಾಯಿತು.

"ಗ್ವಾಡಿ ಎಲ್ಲಿಗೆ ನಿಲ್ಲಸ್ಲಿರಿ?"

ಅತ್ತ ಸರಿದರೆ ಕಮೋಡಿನಲ್ಲಿ ಕೂತವನ ಮೊಣಕಾಲಿಗೆ ಗೋಡೆ; ಇತ್ತ ಸರಿದರೆ ಸ್ನಾನಕ್ಕೆ ಜಾಗವಿಲ್ಲ. ಗಂಗಾಂಬಿಕಾ ಅತ್ತೆಯ ಮಣೆ ಹಾಕಿಕೊಂಡು ತಾನೇ ಕೂತಳು, ಕಾಲು ಚಾಚಿದಳು. ಅವಳ ಹೆಬ್ಬೆರಳಿಗಿಂತ ನಾಲ್ಕು ಬೆರಳು ಆಚೆಗೆ ಹುಲುಗೇಶ್ ಗೆರೆ ಎಳೆದ. ವಾರದಲ್ಲಿ ಬಿಳಿ ಟೈಲ್ಸಿನ ಗೋಡೆ ಎದ್ದು ನಿಂತಿತು. ಅವಳಿಗೆ ಜನ್ಮದಲ್ಲಿ ಮೊದಲ ಬಾರಿ ನಿಶ್ಚಿಂತೆ.

ಅದು ಅತ್ತೆ ಬರುವವರೆಗೆ. ಮುದುಕಮ್ಮನವರ ಕಾಲು ಅವರೂರಿನ ಕಬ್ಬಿನಷ್ಟೇ ಉದ್ದ ಎಂಬುದು ಅಳತೆಯ ಹೊತ್ತಿಗೆ ಯಾರಿಗೂ ಹೊಳೆದಿರಲಿಲ್ಲ. ಅವರು ಕೂತರು, ಚಾಚಿದರು. ಪಾದ ಟೈಲ್ಸಿಗೆ ಬಡಿದು ಮೊಣಕಾಲು ಹಂಪಿಯ ಗುಡ್ಡಗಳಂತೆ ಎದ್ದವು. ಕೂಸು ಗುಡ್ಡದಿಂದ ಜಾರಿ ಅಜ್ಜಿಯ ಹೊಟ್ಟೆಗೆ ಬಂದು ಕೂತಿತು.

"ಇದೇನವಾ ಗಂಗಾ! ನನ್ನ ಕಾಲು ಮಡಚಿ ಟ್ರಂಕಿನಾಗ ಇಡ್ಲೇನು?"

"ಸ್ವಲ್ಪ ಓರೆಯಾಗಿ ಕೂತ್ಕೊಳ್ಳಿ ಅತ್ತೆ..."

"ಓರೆ ಕುಂತ್ರ ನಲ್ಲಿ ಬೆನ್ನಿಗೆ ಚುಚ್ಚತೈತಿ. ಯಾರ ಕಾಲಿನ ಅಳತಿ ಕೊಟ್ಟಿದ್ದಿ?"

"ನನ್ನದು."

ಮುದುಕಮ್ಮ ಗೋಡೆ ನೋಡಿದರು. ಸೊಸೆಯ ಕಾಲು ನೋಡಿದರು. ಕೂಸಿಗೆ ನೀರು ಹುಯ್ದು ಹುಯ್ದು ಬಂದ ಆರು ತಿಂಗಳ ಸೊಂಟನೋವು ಮುಖದಿಂದ ಮೆಲ್ಲಗೆ ಇಳಿದುಹೋಯಿತು.

"ಹಂಗಾರ ನೀನ ಕುಂದ್ರು."

ಕೂತಳು. ಹೊಲಿಸಿದ ರವಿಕೆಯಂತೆ ಕಾಲು ಸರಿಯಾಗಿ ಕೂಡಿತು! ಎಣ್ಣೆಯಲ್ಲಿ ಹೊಳೆಯುವ ರೇವಣಸಿದ್ದನನ್ನು ಅತ್ತೆ ಅವಳ ಕಾಲ ಮೇಲಿಟ್ಟರು.

"ಅತ್ತೆ, ಜಾರ್ತಾನೆ!"

"ಜಾರಿ ಎಲ್ಲಿ ಹೊಕ್ಕಾನ? ಈ ಕಡೆ ನೀನು, ಆ ಕಡೆ ನಿನ್ನ ಗ್ವಾಡಿ. ಹುಯ್ಯಿ ನೀರು!"

ಮೊದಲ ತಂಬಿಗೆ ಅವಳ ತಲೆಯ ಮೇಲೆಯೇ ಬಿತ್ತು. ಎರಡನೆಯದು ಗೋಡೆಗೆ. ಮೂರನೆಯದು ಕೂಸಿಗೆ ತಲುಪಿದಾಗ ಅದು ಕೇಕೆ ಹಾಕಿ ನಕ್ಕಿತು, ತಾಯಿ ಅತ್ತಳು.

ಕೂಸನ್ನು ಒರೆಸಿ ಮಲಗಿಸಿದವಳೇ, ತಾನು ಒದ್ದೆಯಾಗಿದ್ದಂತೆಯೇ ಹುಲುಗೇಶನಿಗೆ ಫೋನು ಹಚ್ಚಿದಳು. "ಆ ಗೋಡೆ ಒಂದು ಮೊಳ ಆ ಕಡೆ ಸರಿಸೋಕಾಗುತ್ತಾ?"

ದಿವಾನದ ಮೇಲೆ ಆರಾಮಾಗಿ ಕಾಲು ಚಾಚಿ ಮಲಗಿದ್ದ ಮುದುಕಮ್ಮ ಕೈ ನೀಡಿ ಫೋನು ಕಸಿದುಕೊಂಡರು.

"ಸರಸೋದು ಗಿರಸೋದು ಏನೂ ಇಲ್ಲಪಾ. ಬಿಡುವಾದಾಗ ಬಂದು ಇನ್ನೂ ನಾಕು ಸ್ಕ್ರೂ ಹೆಚ್ಗಿ ಬಿಗಿದು ಹೋಗು. ಇವ್ನ ಬೆನ್ನಿಗೆ ಇನ್ನೊಂದು ಹುಟ್ಟಿದ್ರೂ ಗ್ವಾಡಿ ಅಲುಗಾಡಬಾರ್ದು ನೋಡು!"