ತೆರೆಯಿರಿ, ತೆಗೆಯಿರಿ ಮತ್ತು ನಮ್ಮ ಮನೆಯ ಟಿವಿ

ಟಿವಿ ಎಂದರೆ ಹಾಕಿದರೆ ಹತ್ತಬೇಕು, ಆರಿಸಿದರೆ ಆರಬೇಕು. ಇದಕ್ಕಿಂತ ಹೆಚ್ಚಿನ ಬುದ್ಧಿ ಅದಕ್ಕೇಕೆ ಎಂದು ಅಂಗಡಿಯಲ್ಲೇ ಕೇಳಬೇಕಿತ್ತು, ಕೇಳಲಿಲ್ಲ. ನಮ್ಮ ಹಲಸೂರಿನ ಮನೆಯಲ್ಲಿ ಅಮ್ಮ ಮತ್ತು ಹೆಂಡತಿ ವನಜಾ ಎಂಬ ಇಬ್ಬರು ಬುದ್ಧಿವಂತರು ಮೊದಲೇ ಇದ್ದರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ, ಮೂರನೆಯದೊಂದನ್ನು ನಾನೇ ತಂದು ಗೋಡೆಗೆ ಮೊಳೆ ಹೊಡೆಸಿ ನೇತುಹಾಕಿದೆ. ಅದರ ಹೆಸರು ಸ್ಮಾರ್ಟ್ ಟಿವಿ. ಹಳೆಯ ಡಬ್ಬದಂಥ ಟಿವಿ ಮೊಂಡು ಹಿಡಿದರೆ ತಲೆಯ ಮೇಲೊಂದು ತಟ್ಟಿದರೆ ಸಾಕು, ಸರಿಹೋಗುತ್ತಿತ್ತು. ಇದಕ್ಕೆ ತಟ್ಟಲು ತಲೆಯೇ ಇಲ್ಲ, ಬರೀ ಚಪ್ಪಟೆ.

ಇದಕ್ಕೆ ಆ್ಯಪ್ ಹಾಕಿಕೊಳ್ಳಬೇಕಂತೆ. ಹಾಕಲು ಹೋದರೆ ಮೊದಲು ಇಮೇಲ್ ಕೇಳುತ್ತದೆ, ಆಮೇಲೆ ಪಾಸ್‌ವರ್ಡ್ ಕೇಳುತ್ತದೆ. ರಿಮೋಟಿನ ಬಾಣದ ಗುಂಡಿ ಒತ್ತಿ ಒತ್ತಿ ‘ಎ’ಯಿಂದ ‘ಎಂ’ವರೆಗೆ ಹೋಗುವಷ್ಟರಲ್ಲಿ ನಾನು ನಡೆದೇ ಶಿವಾಜಿನಗರ ಮುಟ್ಟಿರುತ್ತಿದ್ದೆ. ಒಂದಕ್ಷರ ತಪ್ಪಿದರೆ ಮತ್ತೆ ಮೊದಲಿನಿಂದ. ಇಷ್ಟೆಲ್ಲ ಆದ ಮೇಲೆ ‘ಸ್ಥಳಾವಕಾಶವಿಲ್ಲ’ ಎನ್ನುತ್ತದೆ! ನಮ್ಮ ನಡುಮನೆಯ ಅರ್ಧ ಗೋಡೆ ನುಂಗಿ ಕೂತ ವಸ್ತು ನನಗೆ ಹೇಳುವ ಮಾತೇ ಇದು? ಹೋಗಲಿ, ಏನಾದರೂ ತೆಗೆಯೋಣ ಎಂದು ನೋಡಿದರೆ, ಕಂಪನಿಯವರೇ ತುಂಬಿ ಕಳಿಸಿದ ಆ್ಯಪ್‌ಗಳು ಸಾಲಾಗಿ ಕೂತಿವೆ. ಒಂದು ಷೇರುಪೇಟೆಯದು, ಒಂದು ಕಾರು ಓಡಿಸುವ ಆಟದ್ದು, ಇನ್ನೊಂದು ಯಾವ ದೇಶದ ಸುದ್ದಿಯೋ ಆ ದೇವರಿಗೇ ಗೊತ್ತು. ಇವನ್ನು ಮಾತ್ರ ತೆಗೆಯುವ ಹಾಗಿಲ್ಲವಂತೆ. ಗೋಡೆ ನನ್ನದು, ಕರೆಂಟು ನನ್ನದು, ನೋಡಿ ನೋಡಿ ಉರಿಯುವ ಕಣ್ಣೂ ನನ್ನದೇ. ಅಧಿಕಾರ ಮಾತ್ರ ಯಾರದ್ದೋ. ಇದೆಂಥ ನ್ಯಾಯ ಸ್ವಾಮಿ?

ಈ ಅವಮಾನವನ್ನೆಲ್ಲ ನುಂಗಿಕೊಂಡೇ ಇದ್ದೆ. ಅಷ್ಟರಲ್ಲಿ ವನಜಾ ಒಂದು ಅಡುಗೆ ಸ್ಪರ್ಧೆಗೆ ಆಯ್ಕೆಯಾದಳು. ಎದುರು ಮನೆಯ ನಸ್ರೀನ್ ಅವರಿಂದ ದಮ್ ಬಿರಿಯಾನಿ ಕಲಿತು, ಮಾಂಸದ ಜಾಗಕ್ಕೆ ಎಳೆ ಹಲಸಿನಕಾಯಿ ಹಾಕಿ, ‘ಹಲಸೂರು ಹಲಸಿನ ಬಿರಿಯಾನಿ’ ಎಂದು ಹೆಸರಿಟ್ಟು, ಚಿತ್ರೀಕರಣವನ್ನೂ ಮುಗಿಸಿಕೊಂಡು ಬಂದಳು. ಕಾರ್ಯಕ್ರಮ ಭಾನುವಾರ ಸಂಜೆ ಏಳಕ್ಕೆ, ಅದೂ ಒಂದು ಅಡುಗೆ ಆ್ಯಪ್‌ನಲ್ಲಿ ಮಾತ್ರ, ಅದೂ ಒಂದೇ ಸಲ. “ಮದ್ವೆ ಫೋಟೋದಲ್ಲೂ ನನ್ನ ಮುಖದ ಮೇಲೆ ನಿಮ್ಮ ಪೇಟದ ನೆರಳೇ ಬಿದ್ದಿದೆ. ಒಂದ್ಸಲ ನನ್ನನ್ನ ನಾನು ದೊಡ್ಡದಾಗಿ ನೋಡ್ಕೋಬೇಕು ರೀ,” ಎಂದಳು. ಹೇಳುವಾಗ ಅವಳ ದನಿ ಸಣ್ಣದಾಯಿತು. ನನಗೆ ಆ ಮಾತು ನಾಟಿತು. “ಟಿವಿ ಜವಾಬ್ದಾರಿ ನಂದು ಕಣೇ, ಬಿಲ್ಡಿಂಗ್‌ನವರನ್ನೆಲ್ಲ ಕರಿ,” ಎಂದು ಎದೆ ತಟ್ಟಿಕೊಂಡೆ.

ನನ್ನ ಈ ಧೈರ್ಯಕ್ಕೆ ಕಾರಣವಿತ್ತು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನಮ್ಮದೊಂದು ಪುಟ್ಟ ಮುದ್ರಣಾಲಯ. ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ಎಲ್ಲದರಲ್ಲೂ ಮದುವೆ ಕಾರ್ಡು ಅಚ್ಚು ಹಾಕುತ್ತೇವೆ. ಕನ್ನಡದ ಕರಡು ತಿದ್ದುವವನು ನಾನು. ಒಮ್ಮೆ ‘ವಧೂವರರನ್ನು ಹರಸಿ’ ಎಂಬಲ್ಲಿ ‘ಹರಿಸಿ’ ಎಂದು ಬಿದ್ದಿತ್ತು. ನಾನು ಹಿಡಿಯದಿದ್ದರೆ ನೆಂಟರಿಷ್ಟರೆಲ್ಲ ಸೇರಿ ಗಂಡುಹೆಣ್ಣನ್ನು ಹಲಸೂರು ಕೆರೆಗೆ ಹರಿಸಬೇಕಾಗುತ್ತಿತ್ತು. ಇಂಥ ಕಣ್ಣುಳ್ಳವನು ಟಿವಿಯ ಇಂಗ್ಲಿಷಿಗೆ ತಲೆಬಾಗುವುದೇ? ಮೆನುವನ್ನು ಕನ್ನಡಕ್ಕೆ ಬದಲಿಸಿದೆ. ಬದಲಿಸಿ, ಅಲ್ಲಿನ ಕನ್ನಡ ಓದಿ ಮೈಯೆಲ್ಲ ಉರಿದುಹೋಯಿತು. ಪ್ರತಿ ಆ್ಯಪ್‌ನ ಕೆಳಗೂ ಅಕ್ಕಪಕ್ಕ ಎರಡು ಗುಂಡಿ: ‘ತೆರೆಯಿರಿ’, ‘ತೆಗೆಯಿರಿ’. ಮೊದಲನೆಯದು ಆ್ಯಪ್‌ನ ಒಳಗೆ ಹೋಗುವುದಕ್ಕೆ, ಎರಡನೆಯದು ಆ್ಯಪ್ಪನ್ನೇ ಮನೆಯಿಂದಾಚೆ ಹಾಕುವುದಕ್ಕೆ. ಅಲ್ಲಾ, ಹಲಸೂರಿನಲ್ಲಿ ಯಾವ ನರಮನುಷ್ಯ ‘ಬಾಗಿಲು ತೆರೆ’ ಎನ್ನುತ್ತಾನೆ? ನಾವು ಬಾಗಿಲನ್ನೂ ತೆಗೆಯುತ್ತೇವೆ, ಚಪ್ಪಲಿಯನ್ನೂ ತೆಗೆಯುತ್ತೇವೆ, ನೋವು ಬಂದರೆ ಹಲ್ಲನ್ನೂ ತೆಗೆಸುತ್ತೇವೆ. ಬಾಗಿಲು ತೆಗಿ ಎಂದರೆ ಯಾರೂ ಬಾಗಿಲು ಕಿತ್ತು ಕೈಗೆ ಕೊಟ್ಟದ್ದಿಲ್ಲ. ಇವರ್ಯಾರು ನಮಗೆ ತೆರೆಯಲು ಕಲಿಸುವವರು?

ಆ ವಾರವೆಲ್ಲ ನನಗೆ ತೆಗೆಯುವುದೇ ಕೆಲಸ. ಅಡುಗೆ ಆ್ಯಪ್‌ಗೆ ಜಾಗ ಮಾಡಬೇಕಲ್ಲ! ಮೊದಲು ಅಮ್ಮನ ಭಜನೆ ಆ್ಯಪ್ ಮೇಲೆ ಕೈಯಿಟ್ಟೆ. “ದೇವ್ರನ್ನೇ ಆಚೆ ಹಾಕ್ತೀಯೇನೋ? ನಿನ್ನ ಯೋಗಾಸನದ್ದು ತೆಗಿ ಮೊದ್ಲು. ಹಾಕ್ಕೊಂಡಿದ್ದೇ ಬಂತು, ಒಂದಿನ ಬಗ್ಗಿದ್ದು ಕಾಣೆ,” ಎಂದರು. ಯೋಗ ಹೋಯಿತು. ಜಾಗ ಸಾಲಲಿಲ್ಲ. ನನ್ನ ಕ್ರಿಕೆಟ್ ಹೋಯಿತು. ನನ್ನ ಹಳೆಯ ಸಿನಿಮಾಗಳೂ ಹೋದವು. ಪ್ರತಿ ಸಲವೂ ವನಜಾ ಅಡುಗೆಮನೆಯಿಂದ, “ಅದನ್ನೂ ತೆಗೀರಿ,” ಎನ್ನುವುದು, ನಾನು ‘ತೆಗೆಯಿರಿ’ ಒತ್ತುವುದು, ಟಿವಿ ‘ಖಚಿತವೇ?’ ಎಂದು ಕೇಳುವುದು. ನಾನು ಹಲ್ಲು ಕಚ್ಚಿಕೊಂಡು ‘ಹೌದು’ ಎನ್ನುವುದು. ಅಂತೂ ಶನಿವಾರ ಅಡುಗೆ ಆ್ಯಪ್ ಒಳಗೆ ಬಂದು ಕೂತಿತು. ನನ್ನದೆನ್ನುವುದು ಆ ಟಿವಿಯಲ್ಲಿ ಏನೂ ಉಳಿಯಲಿಲ್ಲ. ಷೇರುಪೇಟೆ ಮಾತ್ರ ಹಾಯಾಗಿತ್ತು.

ಭಾನುವಾರ ಸಂಜೆ ನಸ್ರೀನ್ ಮನೆಮಂದಿಯೊಂದಿಗೆ ಬಂದರು. ಕೆಳಗಿನ ಮನೆಯ ಸೆಲ್ವಿ ಒಂದು ಡಬ್ಬ ಮುರುಕು ತಂದರು. ಅಮ್ಮ ಎಲ್ಲರಿಗಿಂತ ಮುಂದಿನ ಕುರ್ಚಿ ಹಿಡಿದರು. ವನಜಾ ಕೋಣೆಯಲ್ಲಿ ಸೀರೆ ಉಡುತ್ತಿದ್ದಳು. ಟಿವಿಯಲ್ಲಿ ಬರುವುದಕ್ಕೆ ಉಟ್ಟ ರೇಷ್ಮೆಯನ್ನೇ ಟಿವಿ ನೋಡುವುದಕ್ಕೂ ಉಡಬೇಕಂತೆ. ಏಳಾಗುತ್ತಾ ಬಂದಾಗ ಒಳಗಿನಿಂದ ಕೂಗಿದಳು: “ರೀ, ಟೈಮಾಯ್ತು, ಅಡುಗೆ ಆ್ಯಪ್ ತೆಗೀರಿ!” ಒತ್ತಿದೆ. ‘ಖಚಿತವೇ?’ ಎಂದಿತು ಟಿವಿ. ವಾರವಿಡೀ ಇದೇ ಪ್ರಶ್ನೆ ಕೇಳಿಸಿಕೊಂಡು ತಲೆ ಚಿಟ್ಟು ಹಿಡಿದಿತ್ತು. ನನ್ನ ಹೆಂಡತಿ ಹೇಳಿದ ಮೇಲೂ ಖಚಿತವೇ ಎಂದು ಕೇಳಲು ನೀನ್ಯಾವನಯ್ಯ ಎಂದುಕೊಂಡು, ಗುದ್ದಿದ ಹಾಗೆ ‘ಹೌದು’ ಒತ್ತಿದೆ. ಎಲ್ಲರ ಕಣ್ಣೆದುರಿಗೇ ಅಡುಗೆ ಆ್ಯಪ್ ಮಾಯವಾಯಿತು.

“ಎನ್ನ ಸಾರ್, ಎಲ್ಲಿ ಹೋಯ್ತು ಅದು?” ಎಂದರು ಸೆಲ್ವಿ. ಮತ್ತೆ ಹಾಕಲು ಹೋದೆ. ಇಮೇಲ್ ಕೇಳಿತು. ಪಾಸ್‌ವರ್ಡ್ ಕೇಳಿತು. ಅವಸರದಲ್ಲಿ ಒಂದಕ್ಷರ ತಪ್ಪಿತು, ಮತ್ತೆ ಮೊದಲಿನಿಂದ. ಅಷ್ಟರಲ್ಲಿ ವನಜಾ ಸೆರಗು ಸರಿಮಾಡಿಕೊಳ್ಳುತ್ತಾ ಬಂದು ನಿಂತಳು. “ಏನ್ರೀ ಮಾಡಿದ್ರಿ?”

“ನೀನೇ ತೆಗೀರಿ ಅಂದ್ಯಲ್ಲೇ! ತೆಗೆದೆ!”

“ತೆಗೀರಿ ಅಂದ್ರೆ ತೆಗೆದೇ ಬಿಡೋದಾ?”

ಈ ಪ್ರಶ್ನೆಗೆ ಯಾವ ವ್ಯಾಕರಣದಲ್ಲೂ ಉತ್ತರವಿಲ್ಲ.

ಕೊನೆಗೆ ನಸ್ರೀನ್, “ಅರೇ ಭಾಯ್, ಟಿವಿ ಬಿಡಿ. ನನ್ ಫೋನಲ್ಲಿದೆ, ಬನ್ನಿ ಎಲ್ಲಾ,” ಎಂದು ತಮ್ಮ ಫೋನನ್ನು ಮುರುಕಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದರು. ಇಡೀ ಬಿಲ್ಡಿಂಗ್ ಅದರ ಮೇಲೆ ಬಗ್ಗಿತು. “ಇದ್ರಲ್ಲಿ ವನಜಾ ಯಾವುದೋ, ಹಲಸಿನಕಾಯಿ ಯಾವುದೋ?” ಎಂದು ಅಮ್ಮ ಕಣ್ಣು ಕಿರಿದು ಮಾಡಿದರು. ಅಂಗೈಯಗಲದ ಗಾಜಿನಲ್ಲಿ ವನಜಾ ಬಿರಿಯಾನಿಯ ಮುಚ್ಚಳ ತೆಗೆದಳು. ತೀರ್ಪುಗಾರರು ರುಚಿ ನೋಡಿ ತಲೆದೂಗಿದರು. “ಮನೇಲಿ ನಿಮಗೆ ಯಾರ ಸಪೋರ್ಟು?” ಎಂದು ನಿರೂಪಕಿ ಕೇಳಿದಳು. “ನಮ್ಮನೆಯವರದ್ದೇ,” ಎಂದಳು ಫೋನಿನೊಳಗಿನ ವನಜಾ. “ಅಡುಗೆ ಅವ್ರಿಗೆ ಬರಲ್ಲ. ಆದ್ರೆ ಟಿವಿ ವಿಷಯ ಎಲ್ಲಾ ಅವ್ರೇ. ಒಂದಕ್ಷರ ತಪ್ಪಾಗಕ್ಕೆ ಬಿಡಲ್ಲ. ಇದು ಬರೋ ದಿನ ನೋಡಿ, ನಮ್ಮ ಬಿಲ್ಡಿಂಗ್‌ನವ್ರೆಲ್ಲ ನಮ್ಮ ದೊಡ್ಡ ಟಿವಿ ಮುಂದೆ ಕೂತಿರ್ತಾರೆ!” ಎಂದು ನಮ್ಮ ಕಡೆಗೆ ಕೈಬೀಸಿದಳು. ಎಲ್ಲರೂ ಒಟ್ಟಿಗೆ ತಲೆಯೆತ್ತಿ ಗೋಡೆ ನೋಡಿದರು. ಅಲ್ಲಿ ಷೇರುಪೇಟೆ ಮಿನುಗುತ್ತಿತ್ತು. ನನ್ನ ಪಕ್ಕದಲ್ಲಿ ರೇಷ್ಮೆ ಉಟ್ಟು ನಿಂತಿದ್ದ ವನಜಾ ನನ್ನ ಕೈಯ ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಮರುದಿನ ಬೆಳಿಗ್ಗೆ ಹಾಲು ತರಲು ಹೋದೆ. ದಾರಿಯುದ್ದಕ್ಕೂ ಆ ಗುಂಡಿಗಳನ್ನು ಅಕ್ಕಪಕ್ಕ ಇಟ್ಟವನಿಗೆ ಮನಸ್ಸಿನಲ್ಲೇ ಮಂಗಳಾರತಿ ಮಾಡುತ್ತಿದ್ದೆ. ಅವನ ಮನೆಯಲ್ಲಿ ಯಾರಾದರೂ ಕನ್ನಡ ಮಾತಾಡುತ್ತಾರೆಯೇ? ಅವನ ಹೆಂಡತಿ ಅವನಿಗೆ ಎಂದಾದರೂ ಏನನ್ನಾದರೂ ತೆಗೀರಿ ಎಂದಿದ್ದಾಳೆಯೇ? ಇನ್ನು ಸತ್ತರೂ ಆ ಟಿವಿಯ ಕನ್ನಡ ನನ್ನ ಬಾಯಲ್ಲಿ ಬರಬಾರದು ಎಂದು ಶಪಥ ಮಾಡಿ ಮನೆ ತಲುಪಿದರೆ, ಬಾಗಿಲು ಹಾಕಿತ್ತು.

“ವನಜಾ, ಬಾಗಿಲು ತೆಗಿಯೇ,” ಎಂದೆ.

ಒಳಗಿನಿಂದ ತಣ್ಣಗೆ ಕೇಳಿಸಿತು: “ತೆಗ್ದು ಎಲ್ಲಿಡ್ಲಿ?”

ಎದುರು ಮನೆಯ ಕಿಟಕಿಯಲ್ಲಿ ನಸ್ರೀನ್ ನಕ್ಕರು. ಹಾಲಿನ ಪ್ಯಾಕೆಟ್ಟಿನಿಂದ ನೀರು ತೊಟ್ಟಿಕ್ಕಿ ನನ್ನ ಕಾಲು ನೆನೆಯುತ್ತಿತ್ತು. ಗಂಟಲು ಸರಿಮಾಡಿಕೊಂಡು, ಅಚ್ಚು ಹಾಕಿದಷ್ಟು ಸ್ಪಷ್ಟವಾಗಿ ಹೇಳಿದೆ: “ವನಜಾ ಅವರೇ, ದಯವಿಟ್ಟು ಬಾಗಿಲು ತೆರೆಯಿರಿ.”

ಚಿಲಕದ ಮೇಲೆ ಕೈ ಬಿದ್ದ ಸದ್ದಾಯಿತು. ಬಾಗಿಲು ಮಾತ್ರ ಅಲ್ಲಾಡಲಿಲ್ಲ.

“ಖಚಿತವೇ?” ಎಂದಳು.