ಕುರುಗೋಡಿನ ವರನ ಕುರಿತು ನಾಲ್ಕು ಪುಟದ ವರದಿ

ಹತ್ತೊಂಬತ್ತು ವರ್ಷದಿಂದ ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ವರದಿ ಬರೆಯುವುದನ್ನು ಕಲಿಸುತ್ತಿದ್ದೇನೆ. ಕಳೆದ ತಿಂಗಳವರೆಗೆ ನಾನೇ ಒಂದು ವರದಿಯನ್ನೂ ಬರೆದಿರಲಿಲ್ಲ. ಈ ಸಂಗತಿ ನಮ್ಮ ಪ್ರಾಂಶುಪಾಲರ ಕಿವಿಗೆ ಬೀಳದಿದ್ದರೆ ಒಳ್ಳೆಯದು. ಮಾಹಿತಿ ವರದಿ ಎಂದರೆ ಕಂಡದ್ದನ್ನು ಕಂಡ ಹಾಗೆ ಹೇಳುವುದು, ವಿಶ್ಲೇಷಣಾ ವರದಿ ಎಂದರೆ ಕಂಡದ್ದು ಯಾಕೆ ಹಾಗಿದೆ, ಮುಂದೇನು ಮಾಡಬೇಕು ಎಂದು ಹೇಳುವುದು, ಪ್ರಗತಿ ವರದಿ ಎಂದರೆ ಆಗದ ಕೆಲಸ ಆಗುತ್ತಿದೆ ಎನ್ನುವುದು ಎಂದು ಪ್ರತಿ ವರ್ಷ ಬೋರ್ಡಿನ ಮುಂದೆ ಆ ತುದಿಯಿಂದ ಈ ತುದಿಗೆ ಓಡಾಡುತ್ತ ಹೇಳುತ್ತೇನೆ. ಮುಖಪುಟ, ಸಾರಾಂಶ, ಪೀಠಿಕೆ, ವಿಧಾನ, ಕಂಡುಬಂದ ಅಂಶಗಳು, ತೀರ್ಮಾನ, ಶಿಫಾರಸು, ಅನುಬಂಧ ಇಷ್ಟನ್ನೂ ಒಂದೇ ಉಸಿರಿಗೆ ಒಪ್ಪಿಸಬಲ್ಲೆ. ಒಮ್ಮೆ ಕ್ಯಾಂಟೀನಿನ ತಪಾಸಣಾ ವರದಿ ಬರೆದು ತನ್ನಿ ಎಂದಿದ್ದೆ. ಒಬ್ಬ 'ವಿಧಾನ' ಎಂಬ ತಲೆಬರಹದ ಕೆಳಗೆ 'ಹಸಿದು ಹೋದೆ, ಹಸಿದೇ ಬಂದೆ' ಎಂದಷ್ಟೇ ಬರೆದು ತಂದ. ಅಂಕ ಕತ್ತರಿಸಿ, ರಚನೆ ಇಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಈಗ ಯೋಚಿಸಿದರೆ ಆ ಹುಡುಗನನ್ನು ಹುಡುಕಿ ಕ್ಷಮೆ ಕೇಳಬೇಕು ಅನ್ನಿಸುತ್ತದೆ.

ಸಿರುಗುಪ್ಪದಿಂದ ನನ್ನ ಅಕ್ಕ ಸುಮಂಗಲಾ ಫೋನು ಮಾಡಿದ್ದೇ ಇದಕ್ಕೆಲ್ಲ ಮೂಲ. ಅವಳ ಮಗಳು ವೀಣಾ ಅಲ್ಲಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಕುರುಗೋಡಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬಂದು ನೋಡಿ ಹೋಗಿದ್ದಾಗಿತ್ತು, ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದೂ ಆಗಿತ್ತು. ಉಳಿದದ್ದು ವಿಚಾರಿಸಿಕೊಂಡು ಬರುವ ಕೆಲಸ. ನಮ್ಮ ಕಡೆ ಮಾತು ಕೊಡುವ ಮೊದಲು ಹೆಣ್ಣಿನ ಕಡೆಯವರೊಬ್ಬರು ಹೇಳದೆ ಕೇಳದೆ ಗಂಡಿನ ಊರಿಗೆ ಹೋಗಬೇಕು. ಚಹಾದಂಗಡಿ, ಕ್ಷೌರದಂಗಡಿ, ಹಿಟ್ಟಿನ ಗಿರಣಿ ಎಂದು ಅಲ್ಲಲ್ಲಿ ಕುಳಿತು, ಏನೂ ಕೇಳದವರ ಹಾಗೆ ಎಲ್ಲ ಕೇಳಿಕೊಂಡು ಬರಬೇಕು. ಈ ಕೆಲಸ ನಮ್ಮ ಮನೆತನದಲ್ಲಿ ದೊಡ್ಡಪ್ಪನದಾಗಿತ್ತು. ಅವರು ಹೋಗಿ ಬಂದು, ಕೈಕಾಲು ತೊಳೆದು, ಒಂದು ಚೆಂಬು ನೀರು ಕುಡಿದು 'ಕೊಡ್ರಿ' ಎಂದರೆ ಮದುವೆ, 'ಬ್ಯಾಡ' ಎಂದರೆ ಬೇರೆ ಹುಡುಗ. ಯಾಕೆ ಎಂದು ಕೇಳಿದವರಿಲ್ಲ. ಈಗ ಅವರಿಗೆ ಮೊಣಕಾಲು ನೋವು.

"ಮಲ್ಲೂ, ಈ ಸಲ ನೀನ ಹೋಗಿ ಬಾ. ಸೋಮವಾರ ಅವ್ರು ಬರ್ತಾರ, ಮಾತು ಕೊಡಬೇಕು" ಎಂದಳು ಅಕ್ಕ. ಅವಳು ಫೋನು ಇಟ್ಟ ಮರುಕ್ಷಣವೇ ವೀಣಾಳ ಫೋನು. "ಮಾಮಾ, ಹೋಗಾಕತ್ತೀರಂತ. ಛಂದಾಗಿ ನೋಡ್ಕೊಂಡು ಬರ್ರಿ. ನನಗಂತೂ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಆ ಅರ್ಧ ಮಾತಿನಲ್ಲಿಯೇ ಅವಳ ಮನಸ್ಸು ಎಲ್ಲಿದೆ ಎಂದು ಗೊತ್ತಾಯಿತು. ನನಗೋ ಕುಳಿತಲ್ಲಿ ಕೂರಲಾಗಲಿಲ್ಲ. ಒಂದು ಹುಡುಗಿಯ ಇಡೀ ಬದುಕು ನನ್ನ ಕೈಗೆ ಬಂದಿದೆ, ಅದನ್ನು ದೊಡ್ಡಪ್ಪನ ಹಾಗೆ ಒಂದು ಚೆಂಬು ನೀರಿನಲ್ಲಿ ಮುಗಿಸುವುದೇ? ಶಾಸ್ತ್ರೋಕ್ತವಾಗಿ ಒಂದು ವರದಿಯನ್ನೇ ಕೊಡುತ್ತೇನೆ ಎಂದು ತೀರ್ಮಾನಿಸಿ ಹೊಸ ನೋಟ್‌ಬುಕ್ಕು, ಎರಡು ಪೆನ್ನು ತಂದೆ. ಗಿರಿಜಾ, ಅಂದರೆ ನನ್ನ ಹೆಂಡತಿ, ಅವನ್ನು ನೋಡಿ "ಪರೀಕ್ಷಾ ಬರಿಯಾಕ ಹೊಂಟೀರೇನು?" ಎಂದಳು. ನಾನು ಎರಡೂ ಪೆನ್ನುಗಳನ್ನು ಜೇಬಿಗೆ ಸಿಕ್ಕಿಸಿಕೊಂಡೆ.

ಕುರುಗೋಡಿನಲ್ಲಿ ಬಸ್ಸಿಳಿದವನೇ ಒಂದು ಚಹಾದಂಗಡಿಯಲ್ಲಿ ಕುಳಿತು ನೋಟ್‌ಬುಕ್ಕು ತೆರೆದೆ. ಅಲ್ಲಿಯೇ ತಪ್ಪಿದ್ದು. ಪೆನ್ನು ಹಿಡಿದವನನ್ನು ಕಂಡರೆ ನಮ್ಮ ಜನ ಯಾವುದೋ ಆಫೀಸಿನವನು ಎಂದೇ ತಿಳಿಯುತ್ತಾರೆ. ಹತ್ತು ನಿಮಿಷದಲ್ಲಿ ನನ್ನ ಸುತ್ತ ಏಳೆಂಟು ಮಂದಿ. ಒಬ್ಬರು ತಮ್ಮ ಓಣಿಯ ಚರಂಡಿ ಬರೆದುಕೊಳ್ಳಿ ಎಂದರು, ಇನ್ನೊಬ್ಬರು ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಬಿಟ್ಟುಹೋಗಿದೆ ಎಂದರು. ಬರೆದುಕೊಳ್ಳದಿದ್ದರೆ ಬಿಡುವ ಹಾಗಿರಲಿಲ್ಲ, ಬರೆದುಕೊಂಡೆ. ಅಲ್ಲಿಂದ ತಪ್ಪಿಸಿಕೊಂಡು ಹುಡುಗನ ಮನೆಯ ಎದುರಿಗಿದ್ದ ಟೇಲರ್ ಖಾದರ್ ಸಾಹೇಬರ ಅಂಗಡಿಗೆ ನುಗ್ಗಿದೆ. ಅವರು ಮಷಿನ್ನಿನಿಂದ ತಲೆಯೆತ್ತದೆ, "ಹೆಣ್ಣಿನ ಕಡಿಯವರೇನ್ರಿ?" ಎಂದರು. ಗುಟ್ಟು ಅಲ್ಲಿಗೆ ಮುಗಿಯಿತು.

"ಹುಡುಗ ಬಂಗಾರ ಅದಾನ್ರಿ ಸಾರ್. ಸಂಜೀಕ ಓಣಿ ಹುಡುಗ್ರನ್ನೆಲ್ಲ ಕಟ್ಟಿ ಮ್ಯಾಲೆ ಕುಂದರಿಸಿ ಲೆಕ್ಕ ಹೇಳಿ ಕೊಡ್ತಾನ. ತಾಯಿ ಪಾಪದಾಕಿ. ಅವರಪ್ಪ ಒಬ್ರು ಸ್ವಲ್ಪ ಬಾಯಿ ಜೋರು. ಬಾಯಷ್ಟೇ ನೋಡ್ರಿ, ಮನಸಿನ್ಯಾಗ ಏನೂ ಇಟ್ಕೊಳ್ಳಾಂಗಿಲ್ಲ. ನಾ ಜ್ವರ ಬಂದು ಮಲಗಿದ್ರ ಮೂರು ದಿನ ಗಂಜಿ ತಂದುಕೊಟ್ರು, ತರೋವಾಗೂ ಬೈಕೋತನ ತಂದ್ರು" ಎಂದು ಅವರು ನಕ್ಕರು. ನಾನು ಎಲ್ಲವನ್ನೂ ಬರೆದುಕೊಂಡೆ. ಬೈದದ್ದನ್ನು ದೊಡ್ಡದಾಗಿ, ಗಂಜಿಯನ್ನು ಸಣ್ಣದಾಗಿ ಬರೆದುಕೊಂಡೆ ಎಂದು ಆಗ ನನಗೆ ತಿಳಿಯಲಿಲ್ಲ.

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತೆ. ಎದ್ದೆ, ಮತ್ತೆ ಕುಳಿತೆ. ಮೊದಲ ಪ್ರಶ್ನೆ, ಇದು ಯಾವ ಬಗೆಯ ವರದಿ? ಮಾಹಿತಿ ವರದಿ ಎಂದರೆ ಶಿಫಾರಸು ಮಾಡುವ ಹಾಗಿಲ್ಲ. ತಪಾಸಣಾ ವರದಿ ಎನ್ನಲು ಹುಡುಗನೇನು ಬಾಯ್ಲರ್ ಅಲ್ಲ. ತನಿಖಾ ವರದಿ ಎಂದರೆ ಬೀಗರು ಪೊಲೀಸು ಠಾಣೆಗೆ ಹೋಗಿ ಬಂದ ಹಾಗೆ ಕೇಳುತ್ತದೆ. ಕೊನೆಗೆ 'ವಿಶ್ಲೇಷಣಾ ವರದಿ' ಎಂದು ಮುಖಪುಟದಲ್ಲಿ ಹಾಕಿದೆ. ಒಮ್ಮೆ ಹಾಗೆ ಹಾಕಿದ ಮೇಲೆ ಅನುಕೂಲಗಳು, ನ್ಯೂನತೆಗಳು ಎಂದು ಎರಡು ತಲೆಬರಹ ಇರಲೇಬೇಕು, ಎರಡೂ ಸರಿಸಮ ತೂಗಬೇಕು, ಇಲ್ಲವಾದರೆ ಪಕ್ಷಪಾತ ಎನ್ನುತ್ತಾರೆ. ಹತ್ತೊಂಬತ್ತು ವರ್ಷ ನಾನೇ ಹಾಗೆಂದಿದ್ದೇನೆ. ಅನುಕೂಲಗಳು ಏಳು ಸಿಕ್ಕವು. ನ್ಯೂನತೆಗಳು ಎಷ್ಟು ತಿಣುಕಿದರೂ ಒಂದೂವರೆ. ಅದನ್ನು ಎಳೆದು ಏಳು ಮಾಡಿದೆ. 'ವರನ ತಂದೆಯವರ ಧ್ವನಿಯು ಎದುರು ಅಂಗಡಿಯವರೆಗೆ ಕೇಳಿಬರುತ್ತದೆ' ಎಂದು ಒಂದು, 'ಸಂಜೆಯ ವೇಳೆ ಮನೆಯ ಕಟ್ಟೆಯ ಮೇಲೆ ಅನ್ಯ ಮಕ್ಕಳ ದಟ್ಟಣೆ ಇರುತ್ತದೆ' ಎಂದು ಇನ್ನೊಂದು. ಬಾಗಿಲಿನ ಬಣ್ಣ ಮಾಸಿದ್ದು ಐದನೆಯದು. ಕೊನೆಯಲ್ಲಿ ಶಿಫಾರಸು: 'ಮೇಲ್ಕಂಡ ಅಂಶಗಳಿಗೆ ಒಳಪಟ್ಟು ಸದರಿ ಸಂಬಂಧವನ್ನು ಪರಿಗಣಿಸಬಹುದಾಗಿದೆ.' ಬರೆದು ಮುಗಿಸಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬೇಕು ಅನ್ನಿಸಿತು.

ಗಿರಿಜಾ ನಾಲ್ಕೂ ಪುಟ ಓದಿ, "ಇದರಾಗ ಹೂಂ ಎಲ್ಲೈತಿ, ಊಹೂಂ ಎಲ್ಲೈತಿ?" ಎಂದು ಕೇಳಿದಳು. ವರದಿ ಓದುವುದಕ್ಕೂ ಒಂದು ತರಬೇತಿ ಬೇಕು ಎಂದು ಹೇಳಿ ಅಕ್ಕನ ಮೊಬೈಲಿಗೆ ಕಳಿಸಿಬಿಟ್ಟೆ. ಶನಿವಾರವೆಲ್ಲ ಹೊಗಳಿಕೆಗಾಗಿ ಕಾದೆ. ಫೋನನ್ನು ಜೇಬಿನಿಂದ ತೆಗೆಯುವುದು, ನೋಡುವುದು, ಮತ್ತೆ ಇಡುವುದು, ಇದೇ ಆಯಿತು. ಭಾನುವಾರ ಬೆಳಿಗ್ಗೆ ಫೋನು ಬಂತು. ಮಾಡಿದವಳು ವೀಣಾ, ದನಿ ಒಡೆದಿತ್ತು.

"ಮಾಮಾ, ಏನು ಬರದೀರಿ ನೀವು? ಅಪ್ಪ ಬ್ಯಾಡಂತ ಹೇಳಾಕ ನಿಂತಾರ. ನಾಕು ಪುಟ ಬರಿಯೂವಂಥಾದ್ದು ಏನೈತ್ರಿ ಆ ಮನ್ಯಾಗ?"

ಫೋನು ಇಟ್ಟವನೇ ಸಿಕ್ಕ ಬಸ್ಸು ಹತ್ತಿದೆ. ಸಿರುಗುಪ್ಪ ಎಂದೂ ಅಷ್ಟು ದೂರ ಇರಲಿಲ್ಲ. ಚಾಲಕ ಪ್ರತಿ ಊರಿನಲ್ಲಿಯೂ ಬಸ್ಸು ನಿಲ್ಲಿಸಿ, ಇಳಿಯುವವರ ಚೀಲ ಇಳಿಯುವವರೆಗೆ ಕಾಯುತ್ತಿದ್ದ. ನಾನು ಎರಡು ಸಲ ಸೀಟು ಬದಲಾಯಿಸಿದೆ, ಅದರಿಂದ ಬಸ್ಸು ಬೇಗ ಹೋಗುತ್ತದೆ ಎಂಬ ಹಾಗೆ. ದೊಡ್ಡಪ್ಪ ಯಾಕೆ ಒಂದೂ ಅಕ್ಷರ ಬರೆಯುತ್ತಿರಲಿಲ್ಲ ಎಂಬುದು ಆ ದಾರಿಯಲ್ಲಿ ನನಗೆ ಹೊಳೆಯಿತು. ವಿಚಾರಿಸಿಕೊಂಡು ಬಂದದ್ದನ್ನು ಬಾಯಲ್ಲಿ ಹೇಳಿದರೆ ಅದು ಸುದ್ದಿ, ಕಾಗದದ ಮೇಲೆ ಬರೆದರೆ ಅದು ದೂರು.

ಅಕ್ಕನ ಮನೆಯ ಪಡಸಾಲೆಯಲ್ಲಿ ಭಾವ ನನ್ನ ವರದಿಯನ್ನು ಎಲ್ಲಿಯೋ ಪ್ರಿಂಟು ತೆಗೆಸಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. 'ನ್ಯೂನತೆಗಳು' ಎಂಬುದರ ಕೆಳಗೆ ಕೆಂಪು ಗೆರೆಗಳು. ಹೀಗೆ ಗೆರೆ ಎಳೆಸಿಕೊಳ್ಳುವುದು ಹೇಗಿರುತ್ತದೆ ಎಂದು ಮೊದಲ ಸಲ ತಿಳಿಯಿತು.

"ಭಾವಾ, ಆ ತಲೆಬರಹ ಇರಲೇಬೇಕ್ರಿ, ಅದು ನಮೂನಿ" ಎಂದೆ.

"ಅಂದ್ರ ಇಲ್ಲದ್ದನ್ನ ಬರದೀಯೇನು?"

"ಇಲ್ಲದ್ದನ್ನ ಬರದಿಲ್ಲ."

"ಹಂಗಾದ್ರ ಐತಿ" ಎಂದು ಅವರು ಕಾಗದವನ್ನು ಅಂಗೈಯಿಂದ ತಟ್ಟಿದರು. ಅಕ್ಕ, "ಏನೋ ಮುಚ್ಚಿಡಾಕತ್ತೀ ಮಲ್ಲೂ, ಒಡಹುಟ್ಟಿದಾಕಿ ಮುಂದನೂ ಬಾಯಿ ಬಿಡವಲ್ಲಿ" ಎಂದು ಸೆರಗಿನಿಂದ ಕಣ್ಣೊತ್ತಿಕೊಂಡಳು. ಏಳೂ ಅನುಕೂಲಗಳನ್ನು ಮತ್ತೊಮ್ಮೆ ಓದಿ ಹೇಳಿದೆ, ಯಾರೂ ಕೇಳಲಿಲ್ಲ. ಪೀಠಿಕೆ, ವಿಧಾನ ಎಂದು ವಿವರಿಸಲು ಹೋದಷ್ಟೂ ಭಾವನ ಹುಬ್ಬು ಗಂಟಾಯಿತು. ಒಂದು ಒಳ್ಳೆಯ ಮನೆ ನನ್ನ ತಲೆಬರಹದ ದೆಸೆಯಿಂದ ಕೈತಪ್ಪುತ್ತದೆ ಎಂದು ನನಗೆ ನಿಜವಾಗಿಯೂ ಭಯವಾಯಿತು, ಅಳುವೂ ಬಂತು.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೀಣಾ ಮುಂದೆ ಬಂದಳು. "ಮಾಮಾ, ಕಾಗದದ ಮಾತು ಬ್ಯಾಡ. ನಾ ನಿಮ್ಮ ಮಗಳಿದ್ರ ಆ ಮನಿಗೆ ಕೊಡ್ತಿದ್ರೇನು ಇಲ್ಲೇನು, ಅಷ್ಟ ಹೇಳ್ರಿ" ಎಂದಳು.

"ಕಣ್ಣು ಮುಚ್ಚಿ ಕೊಡ್ತಿದ್ದೆ" ಎಂದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಆಡಿದ ಅತಿ ಚಿಕ್ಕ ಮಾತು ಅದೇ ಇರಬೇಕು. ಭಾವ ವರದಿಯನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಟೀಪಾಯಿಯ ಕಾಲಿನ ಕೆಳಗೆ ಸಿಕ್ಕಿಸಿದರು. "ಇದನ್ನ ಮೊದಲ ಹೇಳಾಕ ನಿನಗೇನಾಗಿತ್ತಲೇ?" ಎಂದರು. ಅಕ್ಕ ಸಕ್ಕರೆ ತರಲು ಒಳಗೆ ಹೋದಳು.

ಸೋಮವಾರ ಬೀಗರು ಬಂದರು. ಗಿರಿಜಾಳೂ ಬಳ್ಳಾರಿಯಿಂದ ಬಂದು ಬಡಿಸಲು ನಿಂತಳು. ಹುಡುಗನ ತಂದೆಯ ಧ್ವನಿಯ ಬಗ್ಗೆ ನಾನು ಬರೆದದ್ದರಲ್ಲಿ ಅತಿಶಯವೇನೂ ಇರಲಿಲ್ಲ. ಎಲೆಯ ಮುಂದೆ ಕುಳಿತು ಅವರು, "ನಾವೂ ನಿಮ್ಮ ಕಡೆ ವಿಚಾರಿಸಿಕೊಂಡೇ ಬಂದೀವಿ ಮತ್ತ" ಎಂದರು. ನನ್ನ ಕಿವಿ ನೆಟ್ಟಗಾಯಿತು. ಏನು ತಿಳಿಯಿತು ಎಂದು ಕೇಳಿದೆ.

"ಸಿಟ್ಟಾಗಬ್ಯಾಡ್ರಿ ಮತ್ತ. ಹುಡುಗಿ ಬಂಗಾರ, ತಾಯಿ ತಂದಿ ಛಲೋ ಮಂದಿ, ಸೋದರಮಾವ ಒಬ್ರು ಭಾಳ ಕೊರೀತಾರ, ಆದ್ರ ಅವ್ರು ಇರೋದು ಬಳ್ಳಾರಿಯಾಗ. ತರಬಹುದು ಅಂತ ಬಂತ್ರಿ ಸುದ್ದಿ."

ಇಡೀ ಪಂಕ್ತಿ ನಕ್ಕಿತು. ನಾನೂ ನಗಬೇಕಾಯಿತು. ಆದರೆ ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. ಕಂಡುಬಂದ ಅಂಶ, ನ್ಯೂನತೆ, ಅದಕ್ಕೆ ಪರಿಹಾರ, ಶಿಫಾರಸು, ಒಂದೂ ಬಿಟ್ಟುಹೋಗಿರಲಿಲ್ಲ. ತೂಕವೂ ಸರಿಯಾಗಿತ್ತು. ಇಷ್ಟು ಅಚ್ಚುಕಟ್ಟಾಗಿ ಹೇಳಿದವರು ಯಾರು ಎಂದು ತಿಳಿಯಲೇಬೇಕಾಗಿತ್ತು.

"ಯಾರನ್ನ ಕೇಳಿದ್ರಿ?" ಎಂದೆ.

"ಹುಡುಗಿ ಊರಾಗ ಕೇಳಿದ್ರ ಎಲ್ಲಾರೂ ಛಲೋನ ಅಂತಾರಂತ ನಮ್ಮಣ್ಣ ಬಳ್ಳಾರಿಗೆ ಬಂದಿದ್ದ. ನೀವು ಕಾಲೇಜಿಗೆ ಹೋಗಿದ್ರಂತ. ನಿಮ್ಮ ಮನಿ ಬಾಗಿಲಾಗ ಒಬ್ಬಾಕಿ ಹೆಣ್ಮಗಳು ಅಕ್ಕಿ ಆರಿಸ್ಕೊಂತ ಕುಂತಿದ್ಲಂತ. ಕುಡಿಯಾಕ ನೀರು ಕೊಟ್ಟು, ಎಲ್ಲಾ ಆಕಿನ ಹೇಳ್ಯಾಳಂತ್ರಿ."

ನಾನು ತಲೆಯೆತ್ತಿ ಗಿರಿಜಾಳ ಕಡೆ ನೋಡಿದೆ. ಅವಳು ನನ್ನ ಎಲೆಯನ್ನು ದಾಟಿ ಮುಂದೆ ಹೋಗಿ, ಬೀಗರಿಗೆ ಇನ್ನೊಂದು ಹೋಳಿಗೆ ಹಾಕುತ್ತಿದ್ದಳು.